ಗಾಜಿನ ಬಾಟಲಿಯ ತೆರೆದ ಬಾಯಿ

ಹಿತ್ತಿಲಲ್ಲಿ ಕೂತು ಹುಣಸೆಹಣ್ಣು ಜಜ್ಜಿ ಬೀಜ ಬಿಡಿಸುತ್ತಿದ್ದೆ. ಶಿವರಾತ್ರಿ ಕಳೆದು ಬಿಸಿಲು ಏರುತ್ತಿದ್ದ ದಿನಗಳು. ವರ್ಷಕ್ಕಾಗುವಷ್ಟು ಹಣ್ಣನ್ನು ಆ ಬಿಸಿಲಿನಲ್ಲೇ ಒಣಗಿಸಿ, ನಾರು ತೆಗೆದು, ಉಪ್ಪು ಬೆರೆಸಿ ಜಾಡಿಗೆ ತುಂಬಿಬಿಡಬೇಕು. ಬೆರಳ ಸಂದಿಗೆಲ್ಲ ಹುಳಿ ಇಳಿದು ಉರಿಯುತ್ತಿತ್ತು. ಹರಳೆಣ್ಣೆ ಸವರಿಕೊಂಡು ಮತ್ತೆ ಜಜ್ಜುತ್ತಿದ್ದೆ. ಹೊಲದ ಬದುವಿನ ಮರದಲ್ಲಿ ಉಳಿದಿದ್ದ ಕಾಯಿ ಬಡಿಯಲು ನನ್ನ ಮೈದುನ ಬೆಳಿಗ್ಗೆಯೇ ಹೋಗಿದ್ದ. ಅವನ ಜೊತೆ ಕಾಯಿ ಆಯಲು ಹೋಗಿದ್ದ ಪಕ್ಕದ ಮನೆಯಾಕೆ ಸೆರಗು ಕೈಯಲ್ಲಿ ಹಿಡಿದು ಓಡಿ ಬಂದಳು.

“ಅಕ್ಕಾ, ಬೇಗ ಬಾರೆ! ನಿನ್ನ ಮೈದ್ನ ಮರದಿಂದ ಬಿದ್ದವ್ನೆ. ಉಸ್ರು ತಗಳಾಕೆ ಆಗ್ತಿಲ್ಲ ಅವನಿಗೆ.”

ಕೈ ತೊಳೆದೆನೋ ಇಲ್ಲವೋ ನೆನಪಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ಅವನು ಇನ್ನೂ ಚಡ್ಡಿ ಹಾಕುವ ಹುಡುಗ. ಅತ್ತೆಯವರು ತೀರಿಕೊಂಡ ಮೇಲೆ ಅವನಿಗೆ ರೊಟ್ಟಿ ಬಡಿದು ಹಾಕಿದ್ದು, ತಲೆಗೆ ಎಣ್ಣೆ ಒತ್ತಿದ್ದು, ಸ್ಕೂಲು ತಪ್ಪಿಸಿದಾಗ ಬೈದದ್ದು ಎಲ್ಲ ನಾನೇ. ಈಗ ಆಳೆತ್ತರ ಬೆಳೆದಿದ್ದರೂ ನನ್ನ ಕಣ್ಣಿಗೆ ಮಗನೇ.

ನಮ್ಮೂರು ಹೊಳಲ್ಕೆರೆ ತಾಲ್ಲೂಕಿನಲ್ಲಿ, ಚಿಕ್ಕಜಾಜೂರಿನ ಕಡೆಗೆ. ಇದು ಎಪ್ಪತ್ತರ ದಶಕದ ಮಾತು. ಊರಿಗೆ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ನಾನು ಹೊಲ ಮುಟ್ಟುವಷ್ಟರಲ್ಲಿ ನಮ್ಮನೆಯವರು ಅವನನ್ನು ಬದುವಿಗೆ ಒರಗಿಸಿ ಕೂರಿಸಿದ್ದರು. ಟೊಂಗೆ ಮುರಿದು ಬಲಪಕ್ಕೆ ಕೆಳಗಾಗಿ ಬದುವಿನ ಕಲ್ಲಿನ ಮೇಲೆ ಬಿದ್ದಿದ್ದ. ರಕ್ತ ಎಲ್ಲೂ ಕಾಣಲಿಲ್ಲ. ತುಟಿ ಮಾತ್ರ ನೇರಳೆಹಣ್ಣು ತಿಂದವನ ಹಾಗಿತ್ತು.

“ಏನಿಲ್ಲ... ಬಿಡತ್ತಿಗೆ... ಹಿಡ್ಕಂಡಂಗೆ... ಆಗೈತೆ” ಎಂದು ಒಂದೊಂದೇ ಮಾತಿಗೆ ಒಂದೊಂದು ಉಸಿರು ಎಳೆದ.

ಗಾಡಿ ಕಟ್ಟಿ ರಸ್ತೆಗೆ ಬಂದರೆ ಕಡಲೆಕಾಯಿ ಮೂಟೆ ಹೇರಿಕೊಂಡ ಒಂದು ಲಾರಿ ಅದೇ ಹೊತ್ತಿಗೆ ಬಂತು. ಡ್ರೈವರು ಒಂದು ಮಾತೂ ಕೇಳದೆ ಅವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡ. ದೇವರ ಮೊದಲನೆಯ ಕರುಣೆ ಎಂದು ನಾನು ಇವತ್ತಿಗೂ ಅದನ್ನೇ ಎಣಿಸುತ್ತೇನೆ. ಹಿಂದಿನ ಮೂಟೆಗಳ ಮೇಲೆ ಮಲಗಿಸಿದ್ದರೆ ಅವನಿಗೆ ಇದ್ದ ಉಸಿರೂ ಕಷ್ಟವಾಗುತ್ತಿತ್ತು ಎಂದು ಆಮೇಲೆ ಡಾಕ್ಟರು ಹೇಳಿದರು.

ಹೊಳಲ್ಕೆರೆಯಲ್ಲಿ ಒಬ್ಬ ಹಿರಿಯ ಡಾಕ್ಟರು ಅಂಗಿ ಬಿಚ್ಚಿಸಿ ಅವನ ಪಕ್ಕೆಯ ಮೇಲೆ ಬೆರಳಿಟ್ಟು ಒತ್ತಿದರು. ನನ್ನ ಕೈಯನ್ನೂ ಹಿಡಿದು ಅಲ್ಲಿಡಿಸಿದರು. ಚರ್ಮದ ಕೆಳಗೆ ಗರಿಗರಿ ಅವಲಕ್ಕಿ ಒತ್ತಿದ ಹಾಗೆ ಚರಚರ ಎಂದಿತು.

“ಗಾಳಿ ಸೋರಿ ಚರ್ಮದಡಿಗೆ ಬಂದೈತೆ ಕಣಮ್ಮ. ಇಲ್ಲಿ ಆಗಲ್ಲ, ದುರ್ಗಕ್ಕೆ ಕರ್ಕಂಡು ಹೋಗ್ರಿ. ದಾರೀಲಿ ಎಲ್ಲೂ ನಿಲ್ಲಬ್ಯಾಡ್ರಿ” ಎಂದರು.

ದುರ್ಗದ ದೊಡ್ಡಾಸ್ಪತ್ರೆಯಲ್ಲಿ ನೋಡಿದವರು ಚಿಕ್ಕ ವಯಸ್ಸಿನ ಡಾಕ್ಟರು. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಾವು ಬೆರಳಿನಿಂದ ಬಡಿದು ನೋಡುವುದಿಲ್ಲವೇ, ಹಾಗೆ ಅವನ ಎದೆಯ ಎರಡೂ ಕಡೆ ಬಡಿದು ಕೇಳಿದರು. ಬಲಗಡೆ ಖಾಲಿ ಮಡಕೆಯ ಸದ್ದು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ನಮ್ಮಿಬ್ಬರಿಗೂ ತೋರಿಸಿದರು.

“ನೋಡಮ್ಮ, ಮುರಿದ ಪಕ್ಕೆಲುಬು ಒಳಗೆ ಚುಚ್ಚಿ ಶ್ವಾಸಕೋಶಕ್ಕೆ ತೂತಾಗಿದೆ. ಅಲ್ಲಿಂದ ಸೋರಿದ ಗಾಳಿ ಎದೆಗೂಡಲ್ಲಿ ತುಂಬ್ಕೊಂಡು ಶ್ವಾಸಕೋಶನ ಹಿಚುಕ್ತಾ ಇದೆ. ಆ ಗಾಳಿ ಹೊರಗೆ ಬರಬೇಕು, ಹೊರಗಿನ ಗಾಳಿ ಮಾತ್ರ ಒಳಗೆ ಹೋಗಬಾರದು. ಅದಕ್ಕೆ ಎದೆಗೆ ಒಂದು ನಳಿಕೆ ಹಾಕ್ತೀನಿ.”

ಎದೆಗೆ ನಳಿಕೆ ಎಂದ ಕೂಡಲೇ ನಮ್ಮನೆಯವರು ಗೋಡೆ ಹಿಡಿದುಕೊಂಡರು. ನಾನು “ಹಾಕ್ರಿ ಸ್ವಾಮಿ” ಎಂದೆ. ಬೇರೆ ಏನು ಹೇಳುವುದಿತ್ತು?

ಬಾಗಿಲ ಪರದೆಯ ಸಂದಿಯಿಂದ ಕಂಡಷ್ಟು ಕಂಡೆ. ಅವನನ್ನು ಮುಂದಕ್ಕೆ ಬಾಗಿಸಿ ಕೂರಿಸಿ, ತೋಳನ್ನು ತಲೆಯ ಮೇಲಿಡಿಸಿ, ಕಂಕುಳ ಕೆಳಗೆ ಮರಗಟ್ಟಿಸುವ ಸೂಜಿ ಕೊಟ್ಟರು. ಎರಡು ಪಕ್ಕೆಲುಬಿನ ನಡುವೆ ಸಣ್ಣಗೆ ಕೊಯ್ದು, ಇಕ್ಕಳದಿಂದ ದಾರಿ ಬಿಡಿಸಿ, ಕೆಂಪು ರಬ್ಬರಿನ ನಳಿಕೆಯನ್ನು ಒಳಗೆ ಇಳಿಸಿ, ದಾರ ಹಾಕಿ ಹೊಲಿದರು. ನಳಿಕೆಯ ಇನ್ನೊಂದು ತುದಿಯನ್ನು ಮಂಚದ ಕೆಳಗಿನ ಬಾಟಲಿಗೆ ಸೇರಿಸಿದ ಕೂಡಲೇ ನೀರಿನಲ್ಲಿ ಬುಳುಬುಳು ಎಂದು ಗುಳ್ಳೆ ಎದ್ದವು. ಅನ್ನದ ಎಸರು ಕುದಿದ ಹಾಗೆ. ಅವನ ಮುಖಕ್ಕೆ ಬಣ್ಣ ಬಂದದ್ದನ್ನು ನಾನು ಕಣ್ಣಾರೆ ಕಂಡೆ.

ಆ ಬಾಟಲಿಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ದೊಡ್ಡ ಗಾಜಿನ ಬಾಟಲಿ, ಬಾಯಿಗೆ ರಬ್ಬರಿನ ಬಿರಡೆ, ಬಿರಡೆ ಅಲುಗದಂತೆ ಸುತ್ತಲೂ ಪ್ಲಾಸ್ಟರು ಪಟ್ಟಿ. ಬಿರಡೆಯಲ್ಲಿ ಎರಡು ಗಾಜಿನ ಕೊಳವೆ. ಎದೆಯಿಂದ ಬಂದ ನಳಿಕೆ ಉದ್ದನೆಯ ಕೊಳವೆಗೆ ಸೇರುತ್ತದೆ, ಅದರ ತುದಿ ನೀರಿನಲ್ಲಿ ಮುಳುಗಿರುತ್ತದೆ. ಎದೆಯ ಗಾಳಿ ಆ ನೀರಿನೊಳಗಿಂದ ಗುಳ್ಳೆಯಾಗಿ ಎದ್ದು ಬರುತ್ತದೆ. ಬಂದದ್ದು ನೀರು ದಾಟಿ ಹಿಂದಕ್ಕೆ ಹೋಗಲಾರದು. ನೀರೇ ಬಾಗಿಲು. ಇನ್ನೊಂದು ಗಿಡ್ಡ ಕೊಳವೆ. ಅದು ನೀರಿಗೆ ತಾಗದೆ ಸುಮ್ಮನೆ ಬಾಯಿ ತೆರೆದುಕೊಂಡು ನಿಂತಿತ್ತು.

ವಾರ್ಡಿನ ಸಿಸ್ಟರು ಕರಾವಳಿಯ ಕಡೆಯವರು, ಬಿಳಿ ಸೀರೆ, ಚುರುಕು ನಾಲಿಗೆ. ನಾನು ಮೊದಲು ಕೇಳಿದ್ದೇ ಆ ಗಿಡ್ಡ ಕೊಳವೆಯನ್ನು.

“ಸಿಸ್ಟರ್, ಇದರ ಬಾಯಿಗೆ ಒಂದು ಬಟ್ಟೇನಾದ್ರೂ ಕಟ್ಟಬ್ಯಾಡವಾ? ನೊಣ ಕೂರ್ತವೆ.”

“ಕಟ್ಟಿದರೆ ಗಾಳಿ ಹೋಗುವುದು ಎಲ್ಲಿಗೆ ಮಾರಾಯ್ತಿ? ಎದೆಯಿಂದ ಬಾಟಲಿಗೆ ಬಂದದ್ದು ಇದರ ಬಾಯಿಂದಲೇ ಹೊರಗೆ ಹೋಗಬೇಕು. ಮುಚ್ಚಿದರೆ ಬಾಟಲಿ ಒಳಗೆ ತುಂಬಿ ತುಂಬಿ ಪುನಃ ನಿಮ್ಮ ಹುಡುಗನ ಎದೆಯನ್ನೇ ಒತ್ತುತ್ತದೆ.”

ನೀರಿನ ಪಾತ್ರೆಯನ್ನು ಮುಚ್ಚದೆ ಬಿಡುವುದು ನನಗೆ ಹುಟ್ಟಿದಾಗಿನಿಂದ ಇಲ್ಲದ ಅಭ್ಯಾಸ. ಆದರೂ ಮಾತು ತಲೆಗೆ ಹತ್ತಿತು. ಸಿಸ್ಟರು ಉಳಿದದ್ದನ್ನೂ ಹೇಳಿಕೊಟ್ಟರು. ಬಾಟಲಿ ಯಾವಾಗಲೂ ಎದೆಗಿಂತ ಕೆಳಗಿರಬೇಕು, ಎತ್ತಿದರೆ ನೀರು ಎದೆಯೊಳಗೆ ನುಗ್ಗುತ್ತದೆ. ನಳಿಕೆ ಮೈಕೆಳಗೆ ಸಿಕ್ಕಬಾರದು, ಮಡಚಬಾರದು, ಜೋಲಬಾರದು. ಉಸಿರು ಎಳೆದಾಗ ಉದ್ದ ಕೊಳವೆಯಲ್ಲಿ ನೀರು ಮೇಲೇರಬೇಕು, ಬಿಟ್ಟಾಗ ಇಳಿಯಬೇಕು.

“ಗುಳ್ಳೆ ನಿಂತರೆ ವಾಸಿ ಆಯ್ತು ಅಂತಾನಾ?” ಎಂದು ಕೇಳಿದೆ.

“ತೂತು ಮುಚ್ಚಿದರೂ ಗುಳ್ಳೆ ನಿಲ್ಲುತ್ತದೆ, ದಾರಿ ಕಟ್ಟಿದರೂ ನಿಲ್ಲುತ್ತದೆ. ಒಂದು ಒಳ್ಳೆಯದು, ಇನ್ನೊಂದು ಪ್ರಾಣಕ್ಕೆ ಬರುವಂಥದ್ದು. ಹಾಗಾಗಿ ಮೊದಲು ಮುಖ ನೋಡಿ, ಬಾಟಲಿ ಆಮೇಲೆ. ಮತ್ತೆ ಏನೇ ಆಗಲಿ, ನೀವು ಮುಟ್ಟಬೇಡಿ. ನನ್ನನ್ನು ಕರೆಯಿರಿ.”

ನಾನು ಅದನ್ನು ಮಂತ್ರದ ಹಾಗೆ ಒಳಗೇ ಹೇಳಿಕೊಂಡೆ. ಮುಖ ಮೊದಲು, ಬಾಟಲಿ ಆಮೇಲೆ.

ಗಂಡಸರ ವಾರ್ಡಿನಲ್ಲಿ ರಾತ್ರಿ ಹೆಂಗಸರು ಇರುವಂತಿರಲಿಲ್ಲ. ರಾತ್ರಿ ನಮ್ಮನೆಯವರು, ಹಗಲು ನಾನು. ಸಿಸ್ಟರಿಗೆ ಇಡೀ ವಾರ್ಡು ನೋಡಬೇಕು. ನನಗೆ ಇದ್ದದ್ದು ಒಂದು ಮಂಚ, ಒಂದು ಬಾಟಲಿ. ಒಲೆಯ ಮೇಲಿನ ಹಾಲು ಕಾಯುವುದಕ್ಕಿಂತ ಹೆಚ್ಚಿನ ಎಚ್ಚರದಲ್ಲಿ ಕಾದೆ. ಅವನು ಉಸಿರೆಳೆದಂತೆ ಆ ಗಾಜಿನ ಕೊಳವೆಯಲ್ಲಿ ನೀರು ಏರುವುದು, ಇಳಿಯುವುದು. ಮಗುವಿನ ತೊಟ್ಟಿಲು ತೂಗಿದ ಹಾಗೆ. ದೇವರು ಮನುಷ್ಯನ ಉಸಿರನ್ನು ಕಣ್ಣಿಗೆ ಕಾಣುವಂತೆ ಇಟ್ಟದ್ದನ್ನು ನಾನು ನೋಡಿದ್ದು ಅಲ್ಲೇ.

ಮೊದಮೊದಲು ನೀರು ಕೆಂಪಾಯಿತು. ಒಳಗೆ ಸೋರಿದ್ದ ರಕ್ತವೂ ಬರುತ್ತಿತ್ತು. ಅದು ಹೆಪ್ಪುಗಟ್ಟಿ ನಳಿಕೆ ಕಟ್ಟಬಾರದೆಂದು ಸಿಸ್ಟರು ಹಸುವಿನ ಮೊಲೆ ಹಿಂಡಿದಂತೆ ನಳಿಕೆಯನ್ನು ಮೇಲಿನಿಂದ ಕೆಳಕ್ಕೆ ಹಿಂಡಿ ಎಳೆಯುತ್ತಿದ್ದರು. ಕ್ರಮೇಣ ರಕ್ತ ತಿಳಿಯಾಯಿತು. ಗುಳ್ಳೆ ಮಾತ್ರ ನಿಲ್ಲಲಿಲ್ಲ.

ಅದಕ್ಕೆ ಒಂದು ಕಾರಣವೂ ಇತ್ತು. ಜೋರಾಗಿ ಕೆಮ್ಮಬೇಕು, ಎದೆ ತುಂಬ ಉಸಿರೆಳೆಯಬೇಕು, ಆಗಲೇ ಶ್ವಾಸಕೋಶ ಅರಳುವುದು ಎಂದು ಡಾಕ್ಟರು ದಿನವೂ ಹೇಳುತ್ತಿದ್ದರು. ಇವನೋ ನೋವಿಗೆ ಹೆದರಿ ಗುಬ್ಬಿಯ ಹಾಗೆ ಉಸಿರಾಡುತ್ತಿದ್ದ. ಮೇಲಿಂದ ಜ್ವರ ಬೇರೆ ಬಂತು. ಡಾಕ್ಟರು ಹಣೆ ಗಂಟಿಕ್ಕಿ, “ಹೀಗೇ ಸೋರ್ತಾ ಇದ್ದರೆ ಬೆಂಗಳೂರಿಗೆ ಕಳಿಸಿ ಎದೆ ತೆರೆಸಬೇಕಾಗುತ್ತೆ” ಎಂದರು. ಆ ಹೊತ್ತೇ ನಾನು ಹೊರಕೆರೆದೇವಪುರದ ಸ್ವಾಮಿಗೆ ಹರಕೆ ಹೊತ್ತೆ. ಗುಳ್ಳೆ ನಿಲ್ಲಿಸಪ್ಪ, ಇವನನ್ನು ನಡೆಸಿಕೊಂಡೇ ನಿನ್ನ ಬಾಗಿಲಿಗೆ ಬರುತ್ತೇನೆ ಎಂದೆ.

ಹರಕೆ ಹೊತ್ತು ಸುಮ್ಮನೆ ಕೂರಲಾಗುತ್ತದೆಯೇ? ಕಂಬಳಿ ಮಡಚಿ ಅವನ ಪಕ್ಕೆಗೆ ಒತ್ತಿ ಹಿಡಿದು, “ಕೆಮ್ಮು” ಎಂದೆ.

“ಆಗಲ್ಲತ್ತಿಗೆ, ಸಾಯ್ತೀನಿ.”

“ಕೆಮ್ಮಿ ಸತ್ತೋರ್ನ ನಾನು ನೋಡಿಲ್ಲ. ಹೋಗ್ಲಿ, ಎತ್ತು ಕರಿ. ಹೊಲದ ಆ ತುದಿಯಿಂದ ಕರೀತಿದ್ಯಲ್ಲ, ಹಂಗೆ ಕರಿ.”

“ಇಲ್ಲಿ? ಆಸ್ಪತ್ರೇಲಿ?”

ಪಕ್ಕದ ಮಂಚದಲ್ಲಿ ಹಿರಿಯೂರಿನ ಕಡೆಯ ಅಜ್ಜ ಒಬ್ಬರು, ಬಬ್ಬೂರು ಫಾರಂನಲ್ಲಿ ಕೂಲಿ ಮಾಡುತ್ತಿದ್ದವರು, ಕಾಲಿಗೆ ಸಿಮೆಂಟು ಕಟ್ಟು ಹಾಕಿಸಿಕೊಂಡು ಮಲಗಿದ್ದರು. ಅವರು, “ಕರಿ ತಮ್ಮ, ನಂದೂ ಕಾಲು ಎದ್ದು ಓಡ್ಲಿ” ಎಂದರು. ಮೈದುನ ನಗಲು ಹೋಗಿ ನೋವಿಗೆ ಮುಖ ಕಿವಿಚಿದ. ಆಮೇಲೆ ಉಸಿರೆಳೆದು, “ಹೋ... ಕರಿಯಾ!” ಎಂದು ಕೂಗಿದ. ಬಾಟಲಿಯಲ್ಲಿ ಗುಳ್ಳೆ ಭರ್ರೆಂದು ಎದ್ದಿತು. ಸಿಸ್ಟರು ಬಾಗಿಲಿಗೆ ಬಂದು, “ಯಾರದು ಎಮ್ಮೆ ಹೊಡೆಯುವುದು?” ಎಂದು ಗದರಿದರು. ವಿಷಯ ತಿಳಿದ ಮೇಲೆ, “ಹಾಗಾದರೆ ಊಟಕ್ಕೆ ಮುಂಚೆ ದಿನಾ ಕರೆಸಿ” ಎಂದು ಹೋದರು. ಅಂದಿನಿಂದ ಅವನು ಮನೆಯ ದನಗಳನ್ನೆಲ್ಲ ಹೆಸರು ಹಿಡಿದು ಕರೆದ. ಜ್ವರ ಇಳಿಯಿತು. ಗುಳ್ಳೆ ಕಡಿಮೆಯಾಯಿತು, ನಿಲ್ಲಲಿಲ್ಲ.

ಹೀಗಿರುವಾಗ ಹೊಸದುರ್ಗದಿಂದ ನನ್ನ ನಾದಿನಿ ಬಂದರು. ನಮ್ಮನೆಯವರಿಗೂ ಮೈದುನನಿಗೂ ದೊಡ್ಡಕ್ಕ. ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಇನ್ನೊಂದು ಕೈಚೀಲದಲ್ಲಿ ವಿಭೂತಿ, ಕುಂಕುಮದ ಭರಣಿ, ಮೇಣದ ಡಬ್ಬಿ. ಆಗ ನಮ್ಮ ಕಡೆಯ ಮುತ್ತೈದೆಯರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು, ಬೆವರಿಗೆ ಅಳಿಸದಿರಲಿ ಎಂದು. ನಾದಿನಿ ಆ ಡಬ್ಬಿಯಿಲ್ಲದೆ ಹೊಸಿಲು ದಾಟಿದವರಲ್ಲ.

“ಏನ್ಲೇ ತಮ್ಮ, ಹುಣಸೆಕಾಯಿ ಬಡಿ ಅಂದ್ರೆ ನೀನೇ ಉದುರಿದೀಯಲ್ಲೋ” ಎಂದರು. ಹಾಗೆಂದವರೇ ಬಾಟಲಿ ಕಂಡು ಅತ್ತರು. “ಅಯ್ಯೋ ಶಿವನೆ, ಉಸ್ರೆಲ್ಲ ಬಾಟ್ಲಿಗೆ ಹೋಗ್ತೈತಲ್ಲೇ!”

“ಅದು ಹೋಗಬೇಕಾದ ಗಾಳಿ ಅಕ್ಕ. ನೀವು ಅಳಬ್ಯಾಡ್ರಿ. ಬಾಟ್ಲಿ ಎತ್ತಬ್ಯಾಡ್ರಿ, ಕಾಲು ತಾಗಿಸಬ್ಯಾಡ್ರಿ, ನಳಿಕೆ ಎಳೀಬ್ಯಾಡ್ರಿ, ಅಷ್ಟು ಸಾಕು” ಎಂದೆ.

“ಅಷ್ಟೂ ತಿಳಿಯಲ್ವೇನೆ ನಂಗೆ?” ಎಂದರು.

ಮಾರನೆಯ ದಿನ ನಮ್ಮನೆಯವರು ದನಕರು ನೋಡಿಬರಲು ಊರಿಗೆ ಹೋದರು. ಮಧ್ಯಾಹ್ನ ಅವನಿಗೆ ಉಣ್ಣಿಸಿ, ನಾದಿನಿಯನ್ನು ಮಂಚದ ಬಳಿ ಕೂರಿಸಿ, ನಾನು ಬಟ್ಟೆ ಒಗೆಯಲು ಆಸ್ಪತ್ರೆಯ ಹಿಂದಿನ ನಲ್ಲಿಗೆ ಹೋದೆ. ಎಲ್ಲರೂ ಒಗೆಯುವ ಹೊತ್ತು, ಸರದಿ ತಡವಾಯಿತು. ಹಿಂಡಿದ ಬಟ್ಟೆ ಹೆಗಲ ಮೇಲೆ ಹಾಕಿಕೊಂಡು ಬಂದರೆ ನಾದಿನಿ ಬಾಗಿಲಲ್ಲೇ ಎದುರಾದರು. ಮುಖದ ತುಂಬ ನಗು.

“ಬಾರೆ, ಬಾ! ನಿನ್ನ ಹರಕೆ ಮುಟ್ಟಿತು ಕಣೆ. ಗುಳ್ಳೆ ನಿಂತೈತೆ!”

ಅಲ್ಲಿಂದಲೇ ಬಾಟಲಿ ಕಂಡಿತು. ನೀರು ಕೆರೆಯ ಹಾಗೆ ನಿಂತಿತ್ತು. ಕೈ ಮುಗಿಯಲು ಎತ್ತಿದೆ. ಆಗ ಸಿಸ್ಟರ ಮಾತು ನೆನಪಿಗೆ ಬಂತು. ಮೊದಲು ಮುಖ.

ಮುಖ ನೋಡಿದೆ. ಅವನು ಮಂಚದ ಕಬ್ಬಿಣ ಹಿಡಿದು ಅರ್ಧ ಎದ್ದು ಕೂತಿದ್ದ. ಕತ್ತಿನ ನರ ಉಬ್ಬಿದ್ದವು. ಹಣೆಯಲ್ಲಿ ಬೆವರು. ತುಟಿ ಮತ್ತೆ ಅದೇ ನೇರಳೆ ಬಣ್ಣ. ಮಾತು ಬರುತ್ತಿರಲಿಲ್ಲ, ನನ್ನ ಕಡೆ ಕಣ್ಣು ಮಾತ್ರ ಬಿಟ್ಟ.

“ನಿದ್ದೆಗಣ್ಣಲ್ಲಿ ಎದ್ದು ಕುಂತವ್ನೆ ಅಂದ್ಕಂಡೆ” ಎಂದರು ನಾದಿನಿ.

“ಅಜ್ಜಾ, ಸಿಸ್ಟರ್ನ ಕೂಗ್ರಿ!” ಎಂದು ಚೀರಿ ಬಟ್ಟೆ ಎಸೆದು ನೆಲಕ್ಕೆ ಕೂತೆ. ಅಜ್ಜ ಇದ್ದ ದನಿಯನ್ನೆಲ್ಲ ತೆಗೆದು ಕೂಗಿದರು. ಸಿಸ್ಟರು ವಾರ್ಡಿನ ಆಚೆ ಗಾಯ ಕಟ್ಟುವ ಕೋಣೆಯಲ್ಲಿದ್ದರು, ಬಾಗಿಲು ಮುಚ್ಚಿತ್ತು.

ಸಿಸ್ಟರು ಮಾಡುತ್ತಿದ್ದ ಹಾಗೆಯೇ ಎದೆಯಿಂದ ಶುರುಮಾಡಿದೆ. ಪಟ್ಟಿ ಬಿಗಿಯಾಗಿದೆ. ನಳಿಕೆ ಮೈಕೆಳಗೆ ಸಿಕ್ಕಿಲ್ಲ. ಮಡಚಿಲ್ಲ. ಕೈ ಜಾರಿಸುತ್ತ ಬಾಟಲಿಯವರೆಗೆ ಬಂದೆ. ಬಾಟಲಿಯ ಭುಜದ ಮೇಲೆ ಒಂದು ಕುಂಕುಮದ ಬೊಟ್ಟು. ಗಿಡ್ಡ ಕೊಳವೆಯ ಬಾಯಿಗೆ ಗಟ್ಟಿಯಾಗಿ ಒತ್ತಿದ ಮೇಣ, ಅದರ ಮೇಲೂ ಕುಂಕುಮ.

ಮುಟ್ಟಬೇಡಿ, ನನ್ನನ್ನು ಕರೆಯಿರಿ ಎಂದಿದ್ದರು ಸಿಸ್ಟರು. ಆದರೆ ಅದನ್ನು ಮುಚ್ಚಿದರೆ ಎದೆ ಒತ್ತುತ್ತದೆ ಎಂದೂ ಅವರೇ ಹೇಳಿದ್ದರು. ಅವನ ಮುಖ ನೋಡಿದೆ. ಕಾಯುವ ಮುಖ ಅದಾಗಿರಲಿಲ್ಲ. ಸಿಸ್ಟರ ಒಂದು ಮಾತು ಮೀರಿ ಇನ್ನೊಂದು ಮಾತು ಉಳಿಸಿಕೊಳ್ಳೋಣ, ತಪ್ಪಾದರೆ ದೇವರು ನನ್ನನ್ನು ಕೇಳಲಿ ಎಂದು ನಿರ್ಧಾರ ಮಾಡಿದೆ.

ಉಗುರಿನಿಂದ ಕೆದಕಿದರೆ ಮೇಲಿನ ಪದರ ಮಾತ್ರ ಬಂತು. ನಾದಿನಿಯ ಕೈ ಗಟ್ಟಿ, ಮೇಣ ಒಳಗಿನವರೆಗೂ ಇಳಿದಿತ್ತು. ಬಳೆಗೆ ಸಿಕ್ಕಿಸಿದ್ದ ಪಿನ್ನು ತೆಗೆದೆ. ಸೀರೆಗೆ ಬೇಕಾದೀತೆಂದು ಹೆಂಗಸರೆಲ್ಲ ಬಳೆಯಲ್ಲೋ ತಾಳಿಯಲ್ಲೋ ಒಂದು ಪಿನ್ನು ಇಟ್ಟುಕೊಂಡಿರುತ್ತೇವೆ. ಇದೂ ಎಣಿಸಬೇಕಾದ ಕರುಣೆಯೇ. ಮೇಣವನ್ನು ಒಳಕ್ಕೆ ತಳ್ಳಿದರೆ ಕೆಟ್ಟೆವು, ಹೊರಕ್ಕೇ ಬರಬೇಕು. ಪಿನ್ನನ್ನು ಅಂಚಿನಿಂದ ಓರೆಯಾಗಿ ಇಳಿಸಿ, ಹಂಚಿಗೆ ಅಂಟಿದ ರೊಟ್ಟಿ ಬಿಡಿಸುವಾಗ ಮಾಡುವಂತೆ ಸುತ್ತಲೂ ತಿರುಗಿಸಿ, ಮೆಲ್ಲಗೆ ಎತ್ತಿದೆ.

ಮೇಣದ ಬಿರಡೆ ಪಿನ್ನಿನ ತುದಿಯಲ್ಲೇ ಎದ್ದು ಬಂತು. ಬುಸ್ಸೆಂದು ಗಾಳಿ ನನ್ನ ಮುಖಕ್ಕೆ ಹೊಡೆಯಿತು. ಅದರ ಹಿಂದೆಯೇ ಉದ್ದ ಕೊಳವೆಯ ತುದಿಯಿಂದ ಗುಳ್ಳೆಗಳು ನುಗ್ಗಿ ನುಗ್ಗಿ ಬಂದವು, ಬಾಟಲಿ ಕುದಿಯಿತು. ಯಾವ ಗುಳ್ಳೆ ನಿಲ್ಲಲಿ ಎಂದು ಹರಕೆ ಹೊತ್ತಿದ್ದೆನೋ ಅದೇ ಗುಳ್ಳೆ ಕಂಡು ಕಣ್ಣಲ್ಲಿ ನೀರು ಬಂತು.

“ಅತ್ತಿಗೆ” ಎಂದ. ಒಂದೇ ಉಸಿರಿಗೆ, ಪೂರ್ತಿ ಮಾತು.

ಸಿಸ್ಟರು ಇಕ್ಕಳ ಹಿಡಿದು ಓಡಿ ಬರುವಷ್ಟರಲ್ಲಿ ನೀರು ಮತ್ತೆ ತೊಟ್ಟಿಲ ಹಾಗೆ ಏರಿ ಇಳಿಯತೊಡಗಿತ್ತು. ಅವರು ನನ್ನ ಪಿನ್ನು ನೋಡಿದರು, ಮೇಣ ನೋಡಿದರು, ಕುಂಕುಮ ನೋಡಿದರು. ನಾಡಿ ಹಿಡಿದು, ಎದೆ ಕೇಳಿ, ಡಾಕ್ಟರನ್ನು ಕರೆಸಿದರು. ಡಾಕ್ಟರು ಬಡಿದು ಕೇಳಿ, ಬಿರಡೆ, ಕೊಳವೆ ಎಲ್ಲ ಬಿಚ್ಚಿಸಿ ಬೇರೆ ಬಾಟಲಿ ಹಾಕಿಸಿ, ಇನ್ನೊಂದು ಎಕ್ಸ್‌ರೇಗೆ ಬರೆದರು. ಅದೆಲ್ಲ ಮುಗಿದ ಮೇಲೆ ಸಿಸ್ಟರು ಸೊಂಟಕ್ಕೆ ಕೈಯಿಟ್ಟು ನಿಂತರು.

“ಯಾರು ಮಾಡಿದ್ದು ಇದು?”

ನಾದಿನಿ ಗೋಡೆಗೆ ಅಂಟಿಕೊಂಡಿದ್ದರು. ಹಣೆಯ ಕುಂಕುಮವೊಂದು ಬಿಟ್ಟರೆ ಮುಖದಲ್ಲಿ ಬಣ್ಣವೇ ಇರಲಿಲ್ಲ.

“ನಮ್ಮ ಮನೆ ಮಂದೀನೇ ಸಿಸ್ಟರ್. ನೀರಿನ ಪಾತ್ರೆ ಬಾಯಿ ತೆರೆದಿಟ್ಟು ನಮಗೆ ಗೊತ್ತಿಲ್ಲ” ಎಂದೆ.

ನಾದಿನಿಯೇ ಮುಂದೆ ಬಂದರು. “ನಾನೇ ಕಣವ್ವ. ನೊಣ ಕೂರ್ತಿತ್ತು. ಕಂಡೋರ ಕಣ್ಣೂ ಬೀಳಬಾರದು ಅಂತ ಬೊಟ್ಟಿಟ್ಟು... ನನ್ನ ತಮ್ಮನ್ನ ನಾನೇ ಕೊಲ್ತಿದ್ನಲ್ಲವ್ವ!”

“ನಾಳೆಯಿಂದ ಇವರು ವಾರ್ಡಿಗೆ ಬರುವುದು ಬೇಡ” ಎಂದರು ಸಿಸ್ಟರು.

ಅವರ ಕೋಪ ನ್ಯಾಯವೇ. ಆದರೆ ನಾದಿನಿ ಹೀಗೆ ಹೋದರೆ ಬದುಕಿರುವವರೆಗೂ ಆ ಮೇಣದ ಡಬ್ಬಿ ಮುಟ್ಟುವುದಿಲ್ಲ ಎಂದು ನನಗೆ ಗೊತ್ತಿತ್ತು. “ಸಿಸ್ಟರ್, ನನಗೆ ಹೇಳಿಕೊಟ್ಟಂಗೆ ಇವರಿಗೂ ಒಂದ್ಸಲ ಹೇಳಿಕೊಡ್ರಿ. ಇನ್ನು ಇವರಷ್ಟು ಚೆನ್ನಾಗಿ ಕಾಯೋರು ನಿಮಗೆ ಸಿಗಲ್ಲ” ಎಂದೆ. ಸಿಸ್ಟರು ಸ್ಟೂಲು ಎಳೆದುಕೊಂಡು ಕೂತು, “ಬನ್ನಿ ಇಲ್ಲಿ. ಈ ಉದ್ದದ್ದು ಯಾಕೆ, ಈ ಗಿಡ್ಡದ್ದು ಯಾಕೆ, ಸರಿಯಾಗಿ ಕೇಳಿ” ಎಂದು ಶುರುಮಾಡಿದರು.

ಅಂದಿನಿಂದ ಆ ಮಂಚದ ಹತ್ತಿರ ಸುಳಿದವರ ಪಾಡು ದೇವರಿಗೇ ಪ್ರೀತಿ. ಊರಿನಿಂದ ನೋಡಲು ಬಂದವರನ್ನು ನಾದಿನಿ ಮಾರು ದೂರ ನಿಲ್ಲಿಸುತ್ತಿದ್ದರು. “ಅಲ್ಲೇ ಕುಂತ್ಕಳ್ರಿ. ಪಂಚೆ ಎತ್ತಿ ಕಟ್ಟಪ್ಪ, ಬಾಟ್ಲಿಗೆ ತಾಗ್ತೈತೆ. ಏನು? ಬಾಯಿ ಮುಚ್ಚಬೇಕಾ? ನಿನ್ನ ಬಾಯಿ ಮುಚ್ಚು ಮೊದ್ಲು.” ವಾರ್ಡಿನ ಆ ತುದಿಗೆ ಇಂಥದೇ ಬಾಟಲಿಯ ಇನ್ನೊಬ್ಬ ರೋಗಿ ಬಂದಾಗ, ಸಿಸ್ಟರು ಅವನ ಹೆಂಡತಿಗೆ ನಮ್ಮ ಕಡೆ ಕೈ ತೋರಿ, “ನಾನು ಇಲ್ಲದಾಗ ಏನಾದರೂ ಅನುಮಾನ ಬಂದರೆ ಆ ಇಬ್ಬರನ್ನು ಕೇಳಿ” ಎಂದರು. ಜಂಬ ದೇವರಿಗೆ ಆಗುವುದಿಲ್ಲ ಎಂದು ಗೊತ್ತು. ಆದರೂ ಆ ಮಾತು ಕೇಳಿ ನಾನು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತೆ. ಬೆಳ್ಳಿ ಬಟ್ಟಲು ಕೊಟ್ಟಿದ್ದರೂ ಅಷ್ಟು ಹಿಗ್ಗುತ್ತಿರಲಿಲ್ಲ.

ಎತ್ತು ಕರೆಯುವುದು ಮುಂದುವರಿಯಿತು. ಒಂದು ಬೆಳಿಗ್ಗೆ ಅವನು ಕೂಗಿದಾಗ ಗುಳ್ಳೆ ಏಳಲಿಲ್ಲ. ಕೆಮ್ಮಿದ, ಆಗಲೂ ಇಲ್ಲ. ನಾದಿನಿ ನನ್ನ ಮುಖ ನೋಡಿದರು, ನಾನು ಅವನ ಮುಖ ನೋಡಿದೆ. ಅವನು ಬಾಳೆಹಣ್ಣು ಸುಲಿಯುತ್ತಿದ್ದ.

“ಕೊಳವೆ ನೋಡ್ಲಾ?” ಎಂದು ನಾದಿನಿ ಪಿಸುಗುಟ್ಟಿ, ಬಗ್ಗಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನೋಡಿದರು. “ಬಾಯಿ ತೆಗೆದೈತೆ ಕಣೆ. ನೀರು ಆಡ್ತೈತೆ.” ಆಮೇಲೆಯೇ ಇಬ್ಬರೂ ಕೈ ಮುಗಿದದ್ದು.

ಡಾಕ್ಟರು ಅವಸರ ಮಾಡಲಿಲ್ಲ. ಕಾದರು, ನಳಿಕೆಗೆ ಇಕ್ಕಳ ಹಾಕಿ ನೋಡಿದರು, ಎಕ್ಸ್‌ರೇ ತೆಗೆಸಿದರು. ಶ್ವಾಸಕೋಶ ಎದೆಯ ಗೋಡೆಯವರೆಗೂ ಅರಳಿ ನಿಂತಿತ್ತು. “ಉಸಿರು ಎಳ್ಕೋ, ಹಿಡ್ಕೋ” ಎಂದು ಹೇಳಿ ಒಂದೇ ಸಲಕ್ಕೆ ನಳಿಕೆ ಎಳೆದು, ಸಿಸ್ಟರು ಸಿದ್ಧವಾಗಿ ಹಿಡಿದಿದ್ದ ವ್ಯಾಸಲೀನು ಸವರಿದ ಬಟ್ಟೆಯನ್ನು ಗಾಯಕ್ಕೆ ಒತ್ತಿ ದಾರ ಬಿಗಿದರು. “ಈ ಬಾಯಿ ಮಾತ್ರ ಗಟ್ಟಿಯಾಗಿ ಮುಚ್ಚಬೇಕು” ಎಂದು ಸಿಸ್ಟರು ನಾದಿನಿಯ ಕಡೆ ನೋಡಿ ನಕ್ಕರು. ಹೊರಡುವಾಗ ಡಾಕ್ಟರು ನಮ್ಮನೆಯವರಿಗೆ, “ನಿಮ್ಮ ಮನೆಯವರು ಕಣ್ಣಿಟ್ಟು ನೋಡಿದಾರೆ ಕಣ್ರಿ” ಎಂದಷ್ಟೇ ಹೇಳಿದರು. ನಮ್ಮನೆಯವರು ಬಸ್ಸಿನಲ್ಲಿ ಆ ಮಾತನ್ನು ಪಕ್ಕದಲ್ಲಿ ಕೂತ ಪ್ರತಿಯೊಬ್ಬರಿಗೂ ಹೇಳಿದರು.

ಹೊರಕೆರೆದೇವಪುರದಲ್ಲಿ ಬಸ್ಸಿಳಿದು ಮೈದುನ ತನ್ನ ಕಾಲಲ್ಲೇ ದೇವಸ್ಥಾನಕ್ಕೆ ನಡೆದ. ನಡುವೆ ಒಮ್ಮೆ ನಿಂತ, ಉಸಿರು ತಗೊಂಡ, ಮತ್ತೆ ನಡೆದ. ನಾದಿನಿ ಹಿಂದೆಯೇ, ಅವನ ಮುಖದ ಮೇಲೆ ಕಣ್ಣಿಟ್ಟು ನಡೆದರು. ಎಲ್ಲ ಕರುಣೆಗಳನ್ನೂ ಸ್ವಾಮಿಯ ಮುಂದೆ ಒಂದೊಂದಾಗಿ ಹೇಳಿ ಮುಗಿಸಿದೆ. ಲಾರಿ, ಸಿಸ್ಟರ ನಾಲಿಗೆ, ಅಜ್ಜನ ಗಂಟಲು, ಬಳೆಯ ಪಿನ್ನು.

ಮನೆಗೆ ಬಂದರೆ ಪಕ್ಕದ ಮನೆಯಾಕೆ ನನ್ನ ಹುಣಸೆಹಣ್ಣನ್ನೆಲ್ಲ ಜಜ್ಜಿ, ಬೀಜ ಬಿಡಿಸಿ, ಮೊರದ ತುಂಬ ಒಣಗಿಸಿ ಇಟ್ಟಿದ್ದಳು. ಕೈಕಾಲು ತೊಳೆದು, ದೇವರಿಗೆ ದೀಪ ಹಚ್ಚಿ, ಹಿತ್ತಿಲಲ್ಲಿ ಕೂತೆ. ಒಂದು ಪದರ ಹಣ್ಣು, ಒಂದು ಹಿಡಿ ಕಲ್ಲುಪ್ಪು. ಒತ್ತಿ ಒತ್ತಿ ಜಾಡಿ ತುಂಬಿದೆ. ನಾದಿನಿ ಬಟ್ಟೆ ಮತ್ತು ದಾರ ಹಿಡಿದು ಎದುರಿಗೆ ಬಂದು ಕೂತರು. ಜಾಡಿಯ ಬಾಯಿ ನೋಡಿದರು, ನನ್ನ ಮುಖ ನೋಡಿದರು.

“ಏನೇ, ಇದನ್ನಾದ್ರೂ ಮುಚ್ಚಬೋದೇನೆ?”

ಒಳಗಿನಿಂದ ಮೈದುನ ಎದೆ ತುಂಬ ನಕ್ಕದ್ದು ಕೇಳಿಸಿತು. “ಮುಚ್ಚಬೋದು ಅಕ್ಕ” ಎಂದು ಬಟ್ಟೆ ಹಾಸಿ ಹಿಡಿದೆ. ಅವರು ದಾರ ಸುತ್ತಿ ಬಿಗಿಯಾಗಿ ಕಟ್ಟಿದರು.